ಓದುಗರ ಪ್ರಶ್ನೆ, ನಮ್ಮ ಉತ್ತರ: ತರಗತಿಯಲ್ಲಿ ಅರ್ಧಾಯುವಿನ ಪಾಠ

ವಿಕಿರಣಪಟುತ್ವವನ್ನು, ಅಂದರೆ ಕೆಲವು ಪರಮಾಣುಗಳು ತಾವಾಗಿ ವಿಘಟನೆಯಾಗಿ ವಿಕಿರಣ ಸೂಸುವ ಗುಣವನ್ನು, ಶಾಲೆಯಲ್ಲಿ ಕಲಿಸುವ ಬಗೆಯನ್ನು ಕುರಿತು ಕಾಸರಗೋಡಿನ ಓದುಗರಿಂದ ಬಂದಿರುವ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ. ಅವುಗಳಲ್ಲಿ ಮೂರು ಶಿಕ್ಷಕರವು, ಒಂದು ವಿದ್ಯಾರ್ಥಿನಿಯದು. ಎರಡು ಪತ್ರಗಳು ಮಾತ್ರ ಶಾಲೆಯ ಹೊರಗಿನಿಂದ ಬಂದವು.

*

ಪ್ರಶ್ನೆ: ನಾನು ಬದಿಯಡ್ಕದ ಸಮೀಪದ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ನೂರು ನಾಣ್ಯಗಳನ್ನು ಎಸೆದು, ತಲೆ ಮೇಲಾಗಿ ಬಿದ್ದವನ್ನು ತೆಗೆಯುತ್ತಾ ಹೋಗುವ ಆಟದಿಂದ ಅರ್ಧಾಯುವನ್ನು, ಅಂದರೆ ವಿಕಿರಣಪಟು ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ವಿಘಟನೆಯಾಗಲು ಬೇಕಾಗುವ ಕಾಲವನ್ನು, ವಿವರಿಸಿದೆ. ಮಕ್ಕಳು ಸಂತೋಷದಿಂದ ಆಡಿದರು. ಆದರೆ ಮರುವಾರದ ಕಿರುಪರೀಕ್ಷೆಯಲ್ಲಿ, ವಿಕಿರಣಪಟು ವಸ್ತುವಾದ ಅಯೋಡಿನ್-131ರ ಅರ್ಧಾಯು 8 ದಿನವಾದ್ದರಿಂದ 16 ದಿನಕ್ಕೆ ಅದು ಪೂರ್ತಿ ಮುಗಿಯುತ್ತದೆ ಎಂದೇ ಹೆಚ್ಚಿನವರು ಬರೆದರು. ನನ್ನ ಪ್ರಾತ್ಯಕ್ಷಿಕೆಯಲ್ಲಿ ತಪ್ಪಿದ್ದೆಲ್ಲಿ?

ಉತ್ತರ: ತಾವು ನಾಣ್ಯ ಎಸೆಯುವುದಕ್ಕೂ ಮೊದಲೇ ಆ ತಪ್ಪು ಮಕ್ಕಳ ಮನಸ್ಸಿನಲ್ಲಿ ನೆಲೆಸಿತ್ತು, ಮತ್ತು ಅದನ್ನು ಅಲ್ಲಿ ನೆಲೆಗೊಳಿಸಿದ್ದು ‘ಅರ್ಧಾಯು’ ಎಂಬ ಪದವೇ ಎಂದು ನನಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಆಯುಷ್ಯ ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಜಾತಕ ನೋಡುವವರು ಅಲ್ಪಾಯು, ಮಧ್ಯಾಯು, ದೀರ್ಘಾಯು ಎಂದು ವಿಂಗಡಿಸುತ್ತಾರೆ. ಯಾರಾದರೂ ತೀರಿಕೊಂಡರೆ ಹಿರಿಯರು ‘ಅವರ ಆಯುಷ್ಯ ಅಷ್ಟೇ ಇತ್ತು’ ಎನ್ನುತ್ತಾರೆ. ಹುಟ್ಟುವಾಗಲೇ ಅಳೆದು ಕೊಟ್ಟ, ದಿನದಿನವೂ ಖರ್ಚಾಗುತ್ತಾ ಹೋಗುವ ಗಂಟೊಂದರ ಚಿತ್ರ ಆ ಮಾತಿನೊಳಗಿದೆ. ಹಾಗಿರುವಾಗ ಅರ್ಧ ಆಯುಷ್ಯಕ್ಕೆ ಇನ್ನೊಂದು ಅರ್ಧ ಸೇರಿದರೆ ಪೂರ್ಣಾಯುಷ್ಯವಾಗುತ್ತದೆ ಎಂದು ಮಗು ಲೆಕ್ಕ ಹಾಕಿದರೆ ಅದು ಭಾಷೆಗೆ ನಿಷ್ಠವಾಗಿಯೇ ಇದೆ. ಆದ್ದರಿಂದ ನಾನು ಮೊದಲ ದಿನ ಈ ಪದವನ್ನು ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ. ‘ಅರ್ಧಕ್ಕಿಳಿಯುವ ಕಾಲ’ ಎಂದು ಬರೆದು, ಪ್ರಾತ್ಯಕ್ಷಿಕೆಯೆಲ್ಲ ಮುಗಿದ ಮೇಲೆ, ಪಠ್ಯದಲ್ಲಿ ಇದನ್ನೇ ಅರ್ಧಾಯು ಎಂದು ಕರೆದಿದ್ದಾರೆ ಎಂದು ತಿಳಿಸುತ್ತಿದ್ದೆ.

ನಾಣ್ಯದ ಆಟಕ್ಕೂ ಒಂದು ಮಿತಿಯಿದೆ. ಅಲ್ಲಿ ಒಂದು ಎಸೆತಕ್ಕೇ ಅರ್ಧ ಹೋಗುವುದರಿಂದ, ಅರ್ಧವಾಗುವುದು ಆಟದ ನಿಯಮವೇ ಎಂದು ಮಕ್ಕಳು ತಿಳಿಯುತ್ತಾರೆ. ಮೇಲಾಗಿ ಏಳೆಂಟು ಎಸೆತಗಳಲ್ಲಿ ನಾಣ್ಯಗಳು ಬರಿದಾಗಿ, ಎಲ್ಲವೂ ಬೇಗನೆ ಮುಗಿಯುತ್ತದೆ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಬದಲು ಮರದ ದಾಳಗಳನ್ನು ಮಾಡಿಸಿ. ಊರಿನ ಆಚಾರಿಯವರ ಬಳಿ ಉಳಿದ ರೀಪಿನ ತುಂಡುಗಳಿಂದ ಒಂದೂವರೆ ಸೆಂಟಿಮೀಟರಿನ ಘನಗಳನ್ನು ಕೊಯ್ಯಿಸಿ, ಒಂದು ಮುಖಕ್ಕೆ ಮಾತ್ರ ಬಣ್ಣ ಬಳಿದರೆ ಸಾಕು. ನಲವತ್ತು ಮಕ್ಕಳಿಗೆ ತಲಾ ಆರರಂತೆ 240 ದಾಳಗಳು ಬೇಕಾಗುತ್ತವೆ. ಬಣ್ಣದ ಮುಖ ಮೇಲಾಗಿ ಬಿದ್ದ ದಾಳಗಳನ್ನು ಪ್ರತಿ ಎಸೆತದ ಬಳಿಕ ತೆಗೆಯುತ್ತಾ ಹೋದರೆ, ಉಳಿಯುವ ಸಂಖ್ಯೆ ಸುಮಾರಾಗಿ 200, 167, 139, 116 ಎಂದು ಇಳಿಯುತ್ತದೆ. ನಿಯಮದಲ್ಲಿ ಅರ್ಧ ಎಂಬ ಮಾತೇ ಇಲ್ಲ. ಆದರೂ ಗ್ರಾಫ್ ಹಾಳೆಯ ಮೇಲೆ 240ರಿಂದ 120ಕ್ಕೆ, 120ರಿಂದ 60ಕ್ಕೆ, 60ರಿಂದ 30ಕ್ಕೆ ಇಳಿಯಲು ಪ್ರತಿ ಸಲವೂ ಹೆಚ್ಚುಕಡಿಮೆ 3.8 ಎಸೆತಗಳೇ ಬೇಕಾಗುತ್ತವೆ ಎಂಬುದು ಮಕ್ಕಳ ಕಣ್ಣಿಗೆ ತಾನಾಗಿ ಬೀಳುತ್ತದೆ. ತಾವಾಗಿ ಕಂಡುಕೊಂಡ ಈ ಅಂಕಿಯನ್ನು ಅವರು ಮರೆಯುವುದಿಲ್ಲ. ಒಬ್ಬೊಬ್ಬರ ಆರು ದಾಳಗಳನ್ನು ಮಾತ್ರ ನೋಡಿದರೆ ಯಾವ ಕ್ರಮವೂ ಕಾಣಿಸುವುದಿಲ್ಲ. ಇಡೀ ತರಗತಿಯ ಲೆಕ್ಕ ಕೂಡಿಸಿದಾಗಲೇ ವಕ್ರರೇಖೆ ಮೂಡುತ್ತದೆ. ಇದನ್ನೂ ಅವರಿಂದಲೇ ಹೇಳಿಸಬೇಕು, ಏಕೆಂದರೆ ಅರ್ಧಾಯು ಗುಂಪಿನ ಗುಣವೇ ಹೊರತು ಒಂಟಿ ಪರಮಾಣುವಿನ ಹಣೆಬರಹವಲ್ಲ.

ನನ್ನ ತರಗತಿಯಲ್ಲಿ ಒಮ್ಮೆ ಇಪ್ಪತ್ತಾರು ಎಸೆತಗಳ ಬಳಿಕವೂ ಮೂರು ದಾಳಗಳು ಉಳಿದಿದ್ದವು. ಒಂದು ಹಿಂದಿನ ಬೆಂಚಿನ ಹುಡುಗನ ಕೈಯಲ್ಲಿತ್ತು. ಅಂಚು ಸವೆದು, ಬೆವರಿನಿಂದ ಕಪ್ಪಾಗಿದ್ದ ಆ ತುಂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವನು, ‘ಸರ್, ಇದು ಇಷ್ಟು ಸಲ ತಪ್ಪಿಸಿಕೊಂಡಿದೆ, ಈ ಸಲ ಖಂಡಿತ ಹೋಗುತ್ತದೆ’ ಎಂದನು. ಪಕ್ಕದ ಸಾಲಿನ ಹುಡುಗಿ, ‘ಇಲ್ಲ, ಅದು ಗಟ್ಟಿ ದಾಳ, ಇನ್ನೂ ಉಳಿಯುತ್ತದೆ’ ಎಂದಳು. ಇಬ್ಬರ ಮಾತೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಎರಡರಲ್ಲಿಯೂ ಇದ್ದುದು ಒಂದೇ ತಪ್ಪು: ಹಿಂದಿನ ಎಸೆತಗಳು ದಾಳಕ್ಕೆ ನೆನಪಿವೆ ಎಂಬ ನಂಬಿಕೆ. ಅಂದು ನನಗೆ ಹೊಳೆದ ಒಂದು ಕ್ರಮವನ್ನು ತಮಗೂ ಶಿಫಾರಸು ಮಾಡುತ್ತೇನೆ. ನಾಲ್ಕು ಎಸೆತಗಳ ಬಳಿಕ ಉಳಿದ ಸುಮಾರು 116 ದಾಳಗಳಿಗೆ ಸೀಮೆಸುಣ್ಣದ ಗುರುತು ಹಾಕಿ ‘ಹಳಬರು’ ಎನ್ನಿ. ತೆಗೆದಿಟ್ಟವುಗಳಿಂದ ಅಷ್ಟೇ ದಾಳಗಳನ್ನು ಎಣಿಸಿ ತಂದು ‘ಹೊಸಬರು’ ಎನ್ನಿ. ಎರಡನ್ನೂ ಬೆರೆಸಿ ಎಸೆಯಿರಿ. ಹಳಬರಲ್ಲಿ ಹತ್ತೊಂಬತ್ತೋ ಇಪ್ಪತ್ತೋ ಹೋಗುತ್ತಾರೆ, ಹೊಸಬರಲ್ಲಿಯೂ ಅಷ್ಟೇ. ಒಂದು ಸಲ ನಾಲ್ಕೈದು ಹೆಚ್ಚುಕಡಿಮೆಯಾದರೆ ಐದಾರು ಸಲ ಎಸೆದು ಸರಾಸರಿ ನೋಡಬೇಕು. ಹಳಬರು ಹೆಚ್ಚು ಹೋಗಬೇಕೆಂದು ಪಂಥ ಕಟ್ಟಿದ ಮಕ್ಕಳು ತಾವೇ ಎಣಿಸಿ ತಾವೇ ಸೋಲುವ ಆ ಹತ್ತು ನಿಮಿಷಗಳನ್ನು ನಾನು ಈ ಪಾಠದ ಜೀವಾಳವೆಂದು ತಿಳಿಯುತ್ತೇನೆ. ಪರಮಾಣುವಿಗೆ ಮುಪ್ಪಿಲ್ಲ, ನೂರು ವರ್ಷ ಉಳಿದ ರೇಡಿಯಂ ಪರಮಾಣುವಿಗೂ ಈಗಷ್ಟೇ ಹುಟ್ಟಿದ ರೇಡಿಯಂ ಪರಮಾಣುವಿಗೂ ನಾಳೆ ವಿಘಟನೆಯಾಗುವ ಸಂಭವ ಒಂದೇ. ಇದು ಮನಸ್ಸಿಗೆ ಇಳಿದ ಮೇಲೆ 16 ದಿನದ ಬಳಿಕ ಅಯೋಡಿನ್ ನಾಲ್ಕನೆಯ ಒಂದು ಪಾಲು ಉಳಿಯುತ್ತದೆ, 80 ದಿನದ ಬಳಿಕವೂ ಸಾವಿರದಲ್ಲಿ ಒಂದು ಪಾಲಿನಷ್ಟು ಉಳಿದಿರುತ್ತದೆ ಎಂಬುದನ್ನು ಒಪ್ಪಿಸಲು ಶ್ರಮವಿಲ್ಲ.

ಇನ್ನೊಂದು ಸಣ್ಣ ತಿದ್ದುಪಡಿ. ತೆಗೆದ ದಾಳಗಳನ್ನು ಡಬ್ಬಕ್ಕೆ ಹಾಕಿಬಿಟ್ಟರೆ, ವಿಘಟನೆಯೆಂದರೆ ಮಾಯವಾಗುವುದು ಎಂದು ಮಕ್ಕಳು ತಿಳಿಯುತ್ತಾರೆ. ಹೋದ ಪ್ರತಿಯೊಂದು ದಾಳದ ಜಾಗದಲ್ಲಿ ಚೆನ್ನೆಮಣೆಯ ಮಂಜಟ್ಟಿ ಕಾಳೊಂದನ್ನು ಇಡಿಸಿರಿ. ಮೇಜಿನ ಮೇಲೆ ಮರದ ಬಣ್ಣ ಕಡಿಮೆಯಾದಷ್ಟೂ ಕೆಂಪು ಹೆಚ್ಚುತ್ತದೆ. ಅಯೋಡಿನ್ ಹೋದಲ್ಲಿ ಕ್ಸೆನಾನ್ ಎಂಬ ಬೇರೆ ಧಾತು ಬಂದಿದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

*

ಪ್ರಶ್ನೆ: ದಾಳಗಳ ಬದಲು ಕವಡೆಗಳನ್ನು ಬಳಸಬಹುದೇ? ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. (ನೀರ್ಚಾಲಿನ ವಿದ್ಯಾರ್ಥಿನಿ)

ಉತ್ತರ: ಬಳಸಬಹುದು, ಆದರೆ ಫಲಿತಾಂಶವನ್ನು ಎಚ್ಚರದಿಂದ ನೋಡಬೇಕಮ್ಮಾ. ಎರಡು ಕವಡೆಗಳು ಒಂದೇ ರೀತಿ ಇರುವುದಿಲ್ಲ. ಬೆನ್ನು ಉಬ್ಬಿದ ಕವಡೆ ಒಂದು ರೀತಿ ಬೀಳುತ್ತದೆ, ಚಪ್ಪಟೆಯಾದದ್ದು ಇನ್ನೊಂದು ರೀತಿ. ಬಾಯಿ ಮೇಲಾಗಿ ಬಿದ್ದವನ್ನು ತೆಗೆಯುತ್ತಾ ಹೋದರೆ, ಸುಲಭವಾಗಿ ಹಾಗೆ ಬೀಳುವ ಕವಡೆಗಳು ಮೊದಲ ಕೆಲವು ಎಸೆತಗಳಲ್ಲಿಯೇ ಹೊರಟುಹೋಗಿ, ಹಟಮಾರಿ ಕವಡೆಗಳು ಹಿಂದೆ ಉಳಿಯುತ್ತವೆ. ಆಗ ಅರ್ಧಕ್ಕಿಳಿಯುವ ಕಾಲ ಬರಬರುತ್ತಾ ದೀರ್ಘವಾಗುತ್ತದೆ. ಒಂದೇ ಐಸೋಟೋಪಿನ, ಅಂದರೆ ಅಯೋಡಿನ್-131ರಂತೆ ಒಂದೇ ಧಾತುವಿನ ಒಂದೇ ತೂಕದ, ಪರಮಾಣುಗಳಲ್ಲಿ ಇಂಥ ವ್ಯತ್ಯಾಸ ಇಲ್ಲವೇ ಇಲ್ಲ. ಎರಡು ಐಸೋಟೋಪುಗಳು ಬೆರೆತ ಮಾದರಿಯನ್ನು ತೋರಿಸಲು ಮಾತ್ರ ಕವಡೆ ಬಹಳ ಚೆನ್ನಾಗಿ ಒದಗುತ್ತದೆ. ದಾಳದ ಗ್ರಾಫನ್ನೂ ಕವಡೆಯ ಗ್ರಾಫನ್ನೂ ಒಂದೇ ಹಾಳೆಯ ಮೇಲೆ ಎಳೆದು ನೋಡು.

*

ಪ್ರಶ್ನೆ: ಉಪ್ಪಳದ ಶಿಕ್ಷಕನಾದ ನಾನು, ಬುಡದಲ್ಲಿ ತೂತು ಕೊರೆದ ಬಾಟಲಿಯಿಂದ ನೀರು ಸೋರುವುದನ್ನು ಅರ್ಧಾಯುವಿಗೆ ಉದಾಹರಣೆಯಾಗಿ ತೋರಿಸುತ್ತಾ ಬಂದಿದ್ದೇನೆ. ಈ ವರ್ಷ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಸಮಯ ಅಳೆದು, ನೀರು ಎರಡನೆಯ ಸಲ ಅರ್ಧಕ್ಕಿಳಿಯಲು ಮೊದಲನೆಯ ಸಲಕ್ಕಿಂತ ಕಡಿಮೆ ಸಮಯ ಸಾಕಾಯಿತು ಎಂದು ತೋರಿಸಿದ. ಅಳತೆಯಲ್ಲಿ ದೋಷವಿರಬಹುದೇ?

ಉತ್ತರ: ಅಳತೆ ಸರಿಯಾಗಿದೆ, ಆ ಹುಡುಗನನ್ನು ನಾನು ಮನಸಾರೆ ಮೆಚ್ಚುತ್ತೇನೆ. ತೂತಿನಿಂದ ಹೊರಬರುವ ನೀರಿನ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಯೇ ಹೊರತು ಎತ್ತರಕ್ಕೇ ಅಲ್ಲ. ಇದನ್ನು ಹದಿನೇಳನೆಯ ಶತಮಾನದಲ್ಲಿ ಇಟಲಿಯ ಟಾರಿಚೆಲ್ಲಿ ಕಂಡುಕೊಂಡನು. ಲೆಕ್ಕ ಹಾಕಿದರೆ, ನೀರು 16 ಸೆಂಟಿಮೀಟರಿನಿಂದ 8ಕ್ಕೆ ಇಳಿಯಲು 60 ಸೆಕೆಂಡು ಬೇಕಾದಲ್ಲಿ, 8ರಿಂದ 4ಕ್ಕೆ 42 ಸೆಕೆಂಡು, 4ರಿಂದ 2ಕ್ಕೆ 30 ಸೆಕೆಂಡು ಸಾಕು. ಸುಮಾರು 205 ಸೆಕೆಂಡಿಗೆ ಬಾಟಲಿ ಪೂರ್ತಿ ಬರಿದಾಗುತ್ತದೆ. ವಿಕಿರಣಪಟು ವಸ್ತುವಿನಲ್ಲಿ ಹೀಗೆ ಬರಿದಾಗುವ ನಿಗದಿತ ಕ್ಷಣವೆಂಬುದಿಲ್ಲ. ಹಾಗಾಗಿ ತೂತಿನ ಬಾಟಲಿ ನಾವು ಕಲಿಸಬೇಕಾದುದಕ್ಕೆ ತದ್ವಿರುದ್ಧವಾದುದನ್ನು ಕಲಿಸುತ್ತದೆ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ನೆಟ್ಟಗಿನ ಗೋಡೆಯಿರುವ ಡಬ್ಬಿಯ ಬುಡಕ್ಕೆ ತೂತಿನ ಬದಲು ಒಂದೂವರೆ ಮೀಟರ್ ಉದ್ದದ ಸಪೂರ ಕೊಳವೆಯನ್ನು ಜೋಡಿಸಿ, ಅದನ್ನು ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಿರಿ. ಆಸ್ಪತ್ರೆಯ ಡ್ರಿಪ್ಪಿಗೆ ಬಳಸುವಂಥ ಕೊಳವೆಯನ್ನು ಔಷಧಿ ಅಂಗಡಿಯಿಂದ ಹೊಸದಾಗಿಯೇ ತಂದರೆ ಒಳ್ಳೆಯದು. ಹನಿ ಬೀಳುವ ಕೋಶವನ್ನು ಕತ್ತರಿಸಿ ತೆಗೆಯಬೇಕು. ಉದ್ದವಾದ ಸಪೂರ ಕೊಳವೆಯಲ್ಲಿ ನಿಧಾನವಾಗಿ ಹರಿಯುವ ನೀರಿಗೆ ಕೊಳವೆಯ ಗೋಡೆಯ ತಡೆಯೇ ಮುಖ್ಯವಾಗಿ, ಹರಿವು ನೀರಿನ ಎತ್ತರಕ್ಕೆ ನೇರ ಅನುಪಾತದಲ್ಲಿ ನಡೆಯುತ್ತದೆ. ನಮ್ಮ ರಕ್ತನಾಳಗಳಲ್ಲಿನ ಹರಿವನ್ನು ಅರಿಯಲು ಹೊರಟ ಫ್ರೆಂಚ್ ವೈದ್ಯ ಪ್ವಾಸಯ್ ಹತ್ತೊಂಬತ್ತನೆಯ ಶತಮಾನದಲ್ಲಿ ನಿರೂಪಿಸಿದ ನಿಯಮ ಇದು. ಎತ್ತರವನ್ನು ಡಬ್ಬಿಯ ತಳದಿಂದ ಅಳೆಯದೆ ಕೊಳವೆಯ ಹೊರಬಾಯಿಯ ಮಟ್ಟದಿಂದ ಅಳೆಯಲು ಮರೆಯಬಾರದು. ಆಗ ಪ್ರತಿ ಅರ್ಧಕ್ಕೂ ಹೆಚ್ಚುಕಡಿಮೆ ಸಮಾನ ಕಾಲ ಬರುತ್ತದೆ. ತೂತಿನ ಬಾಟಲಿಯನ್ನು ಎಸೆಯಬೇಡಿ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ, ಇಳಿಯುವುದೆಲ್ಲವೂ ಒಂದೇ ರೀತಿ ಇಳಿಯುವುದಿಲ್ಲ ಎಂಬ ತಿಳಿವಳಿಕೆ ಮೂಡುತ್ತದೆ.

ಪ್ಲಸ್ ಟು ತರಗತಿಗಾದರೆ ವಿದ್ಯುತ್ತನ್ನು ಹಿಡಿದಿಡುವ 1000 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು 9 ವೋಲ್ಟಿನ ಬ್ಯಾಟರಿಯಿಂದ ತುಂಬಿಸಿ, 100 ಕಿಲೋಓಮಿನ ರೆಸಿಸ್ಟರಿನ ಮೂಲಕ ಖಾಲಿಯಾಗಲು ಬಿಟ್ಟು ಡಿಜಿಟಲ್ ಮಲ್ಟಿಮೀಟರಿನಲ್ಲಿ ವೋಲ್ಟೇಜನ್ನು ಓದಬಹುದು. ಅರ್ಧಕ್ಕಿಳಿಯುವ ಕಾಲ ಸುಮಾರು 69 ಸೆಕೆಂಡು ಬರುತ್ತದೆ. ವಿಕಿರಣಪಟು ಧಾತುವಾದ ಪ್ರೊಟ್ಯಾಕ್ಟಿನಿಯಮ್-234ರ ಅಲ್ಪಕಾಲಿಕ ರೂಪದ ಅರ್ಧಾಯುವೂ ಸುಮಾರು 70 ಸೆಕೆಂಡು ಎಂಬುದನ್ನು ಮಕ್ಕಳಿಗೆ ಹೇಳಿದರೆ ಆ ಅಂಕಿಗೆ ಜೀವ ಬರುತ್ತದೆ. ಕೆಪಾಸಿಟರಿನ ಮೇಲೆ ಅಚ್ಚಾದ ಮೈಕ್ರೋಫ್ಯಾರಡ್ ಅಂಕಿ ನೂರಕ್ಕೆ ಇಪ್ಪತ್ತರಷ್ಟು ಆಚೀಚೆ ಇರಬಹುದಾದ್ದರಿಂದ 60 ಬಂದರೂ 80 ಬಂದರೂ ಗಾಬರಿ ಬೇಡ. ಧನ ಋಣ ತುದಿಗಳನ್ನು ಮಾತ್ರ ಅದಲುಬದಲು ಮಾಡಬಾರದು. ನೀರಾಗಲಿ ಕೆಪಾಸಿಟರಾಗಲಿ ವಕ್ರರೇಖೆಯನ್ನಷ್ಟೇ ತೋರಿಸುತ್ತವೆ, ಆಕಸ್ಮಿಕತೆಯನ್ನು ತೋರಿಸುವುದಿಲ್ಲ. ಆದ್ದರಿಂದ ದಾಳದ ಆಟ ಮೊದಲು, ಇವು ಆಮೇಲೆ ಎಂಬುದು ನನ್ನ ಅಭಿಪ್ರಾಯ.

*

ಪ್ರಶ್ನೆ: ನಮ್ಮ ಅಟ್ಟದಲ್ಲಿ ಹಿಂದೆ ಯಕ್ಷಗಾನದ ಆಟಕ್ಕೆ ಉರಿಸುತ್ತಿದ್ದ ಗ್ಯಾಸ್‌ಲೈಟೂ ಅದರ ಉರಿಯ ಮೇಲೆ ಕಟ್ಟುವ ಬಲೆಚೀಲಗಳಾದ ಹಳೆಯ ಮೆಂಟಲುಗಳೂ ಇವೆ. ಅವು ವಿಕಿರಣಪಟು ಎಂದು ಮೊಮ್ಮಗ ಹೇಳುತ್ತಾನೆ. ನಿಜವೇ? ಶಾಲೆಗೆ ಒಯ್ಯಲು ಕೇಳುತ್ತಿದ್ದಾನೆ, ಕೊಡಬಹುದೇ? (ಪೆರ್ಲದ ಓದುಗರು)

ಉತ್ತರ: ಮೊಮ್ಮಗನ ಮಾತು ನಿಜವಾಗಿರುವ ಸಂಭವ ಹೆಚ್ಚು. ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಸುಧಾರಿಸಿ ರೂಪಿಸಿದ ಮೆಂಟಲಿನ ಬಲೆಯಲ್ಲಿ ಥೋರಿಯಂ ಆಕ್ಸೈಡು ನೂರಕ್ಕೆ ತೊಂಬತ್ತೊಂಬತ್ತು ಪಾಲು, ಸೀರಿಯಂ ಆಕ್ಸೈಡು ಒಂದು ಪಾಲು ಇತ್ತು. ಆ ಬೆಳ್ಳಗಿನ ಪ್ರಖರ ಬೆಳಕು ಈ ಬೆರಕೆಯದು. ಈಚಿನ ಅನೇಕ ಮೆಂಟಲುಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಇರುತ್ತದೆ, ಹಳೆಯವುಗಳಲ್ಲಿ ಥೋರಿಯಂ ಇದೆಯೆಂದೇ ಭಾವಿಸುವುದು ಕ್ಷೇಮ. ಥೋರಿಯಂ ದೊರೆಯುವ ಮೊನಜೈಟ್ ಮರಳು ನಮ್ಮ ಕೇರಳದ ತೆಂಕಣ ಕರಾವಳಿಯಲ್ಲಿದೆ ಎಂಬುದನ್ನು 1909ರಲ್ಲಿ ಜರ್ಮನ್ ರಸಾಯನಜ್ಞ ಶೋಂಬರ್ಗ್ ಪತ್ತೆಹಚ್ಚಿದ್ದು ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಿಂದ. ಹಾಗೆ ನೋಡಿದರೆ ರಂಗಸ್ಥಳವನ್ನು ಬೆಳಗಿದ ಬೆಳಕಿಗೂ ನಮ್ಮ ತೆಂಗಿಗೂ ಒಂದು ಹಳೆಯ ನಂಟು ಇದೆ.

ಆದರೆ ಶಾಲೆಗೆ ಕೊಡಬೇಡಿ. ಪೊಟ್ಟಣದೊಳಗೆ ಸುಮ್ಮನೆ ಬಿದ್ದಿರುವ ಮೆಂಟಲಿನಿಂದ ಹೆದರಬೇಕಾದುದು ಅಷ್ಟೇನೂ ಇಲ್ಲ. ಉರಿದು ಬೂದಿಯಾದ ಮೆಂಟಲು ಮುಟ್ಟಿದರೆ ಪುಡಿಯಾಗುತ್ತದೆ, ಆ ಪುಡಿ ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗುವುದು ಒಳ್ಳೆಯದಲ್ಲ. ಮಕ್ಕಳ ಕೈಗಳ ನಡುವೆ ಅದು ಪುಡಿಯಾಗದೆ ಉಳಿಯದು.

ಮೊಮ್ಮಗನಿಗೆ ಮಾತ್ರ ಎರಡು ಸಂಗತಿಗಳನ್ನು ತಿಳಿಸಿರಿ. ಥೋರಿಯಂ-232ರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಇಷ್ಟು ಕಾಲ ಕಾದು ನೋಡಿದವರಿಲ್ಲ, ಕಾಯಬೇಕಾಗಿಯೂ ಇಲ್ಲ. ಒಂದು ಗ್ರಾಂ ಥೋರಿಯಂನಲ್ಲಿ ಸುಮಾರು ಎರಡೂವರೆ ಕೋಟಿ ಕೋಟಿ ಕೋಟಿ ಪರಮಾಣುಗಳಿವೆ, ಅವುಗಳಲ್ಲಿ ಸೆಕೆಂಡಿಗೆ ಸುಮಾರು 4,000 ವಿಘಟನೆಯಾಗುತ್ತವೆ. ಒಟ್ಟು ಸಂಖ್ಯೆಯನ್ನು ಈ 4,000ದಿಂದ ಭಾಗಿಸಿ 0.693ರಿಂದ ಗುಣಿಸಿದರೆ ಅರ್ಧಾಯು ಸೆಕೆಂಡುಗಳಲ್ಲಿ ಸಿಗುತ್ತದೆ. ಇನ್ನೊಂದು ಸಂಗತಿ ಇನ್ನೂ ಸೊಗಸಾದುದು. ಥೋರಿಯಂನಿಂದ ಹೊರಡುವ ವಿಕಿರಣಪಟು ಅನಿಲವನ್ನು ಕೆನಡಾದ ಮಾಂಟ್ರಿಯಲಿನಲ್ಲಿದ್ದ ರುದರ್‌ಫೋರ್ಡ್ ಬೇರ್ಪಡಿಸಿ ನೋಡಿದಾಗ, ಅದರ ಚಟುವಟಿಕೆ ಸುಮಾರು ಒಂದು ನಿಮಿಷಕ್ಕೆ ಅರ್ಧ, ಇನ್ನೊಂದು ನಿಮಿಷಕ್ಕೆ ಅದರ ಅರ್ಧ ಎಂದು ಇಳಿಯುತ್ತಿತ್ತು. 1900ರಲ್ಲಿ ಪ್ರಕಟವಾದ ಆ ಅಳತೆಯಿಂದಲೇ ಅರ್ಧಕ್ಕಿಳಿಯುವ ಕಾಲವೆಂಬ ಕಲ್ಪನೆ ಭೌತಶಾಸ್ತ್ರಕ್ಕೆ ಬಂದಿತು.

*

ಪ್ರಶ್ನೆ: ಎಂಡೋಸಲ್ಫಾನಿಗೂ ಅರ್ಧಾಯು ಇದೆ ಎಂದು ಓದಿದ್ದೇನೆ. ಅದೂ ಇದೂ ಒಂದೆಯೇ? (ಮುಳ್ಳೇರಿಯದ ಓದುಗರು)

ಉತ್ತರ: ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಆ ವಿಷ ಸುರಿದುದನ್ನು ಕಂಡ ನೆಲದಲ್ಲಿ ಈ ಪ್ರಶ್ನೆ ಏಳುವುದು ಸಹಜ, ಮತ್ತು ಶಿಕ್ಷಕರು ತರಗತಿಯಲ್ಲಿ ಇದನ್ನು ತಪ್ಪಿಸಬಾರದು. ಪದ ಒಂದೇ, ಅರ್ಧಕ್ಕಿಳಿಯುವ ಗಣಿತವೂ ಸ್ಥೂಲವಾಗಿ ಒಂದೇ, ಕಾರಣ ಮಾತ್ರ ಬೇರೆ. ಕೀಟನಾಶಕ ಒಡೆಯುವುದು ನೀರು, ಬಿಸಿಲು, ಮಣ್ಣಿನ ಸೂಕ್ಷ್ಮಜೀವಿಗಳು ಇವುಗಳಿಂದ. ಆದ್ದರಿಂದ ಅದರ ಅರ್ಧಾಯು ಮಣ್ಣಿನಿಂದ ಮಣ್ಣಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಎಂಡೋಸಲ್ಫಾನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳಿದ್ದು, ಆಲ್ಫಾಕ್ಕಿಂತ ಬೀಟಾ ಹೆಚ್ಚು ಕಾಲ ಉಳಿಯುತ್ತದೆ. ಕವಡೆಯ ಉದಾಹರಣೆ ಇಲ್ಲಿ ನೆನಪಾಗಬೇಕು. ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಅದನ್ನು ಕುದಿಸಿದರೂ ಮಂಜಿನಲ್ಲಿಟ್ಟರೂ ಆಮ್ಲದಲ್ಲಿ ಕರಗಿಸಿದರೂ ಅರ್ಧಾಯು ಬದಲಾಗುವುದಿಲ್ಲವೆಂದೇ ಹೇಳಬಹುದು. ಎರಡಕ್ಕೂ ಸಮಾನವಾದ ಎಚ್ಚರಿಕೆ ಒಂದಿದೆ: ಅರ್ಧ ಇಲ್ಲವಾಯಿತು ಎಂದರೆ ಅರ್ಧ ಅಪಾಯ ಇಲ್ಲವಾಯಿತು ಎಂದಲ್ಲ. ಎಂಡೋಸಲ್ಫಾನ್ ಒಡೆದು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದು. ಮಂಜಟ್ಟಿ ಕಾಳನ್ನು ಇಡಬೇಕೆಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿಯೂ.

*

ಪ್ರಶ್ನೆ: ನಮ್ಮ ವಿಜ್ಞಾನ ಕ್ಲಬ್ಬಿಗೆ ವಿಕಿರಣವನ್ನು ಎಣಿಸುವ ಒಂದು ಗೈಗರ್ ಕೌಂಟರ್ ದೊರೆತಿದೆ. ವಿಕಿರಣಮೂಲವನ್ನು ಕೊಳ್ಳದೆ ನಿಜವಾದ ವಿಘಟನೆಯನ್ನು ತೋರಿಸಲು ಸಾಧ್ಯವೇ? (ಕುಂಬಳೆಯ ಶಿಕ್ಷಕಿ)

ಉತ್ತರ: ಸಾಧ್ಯ. ವಿಕಿರಣಮೂಲಗಳನ್ನು ಇಟ್ಟುಕೊಳ್ಳುವುದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ, ಶಾಲೆ ಆ ಗೋಜಿಗೆ ಹೋಗದಿರುವುದೇ ಲೇಸು. ನಮ್ಮ ಸುತ್ತಲಿನ ಗಾಳಿಯಲ್ಲಿಯೇ ನೆಲದಿಂದ ಹೊಮ್ಮುವ ವಿಕಿರಣಪಟು ಅನಿಲವಾದ ರೇಡಾನ್ ಇದೆ, ಅದರ ವಿಘಟನೆಯಿಂದ ಹುಟ್ಟಿದ ಸೀಸ, ಬಿಸ್ಮತ್ ಮುಂತಾದವುಗಳ ವಿಕಿರಣಪಟು ಕಣಗಳು ಧೂಳಿನೊಡನೆ ತೇಲುತ್ತಿರುತ್ತವೆ. ನೆಲಮಹಡಿಯ ಕೋಣೆಯೊಂದರ ಕಿಟಕಿ ಬಾಗಿಲುಗಳನ್ನು ಹಿಂದಿನ ರಾತ್ರಿಯೇ ಮುಚ್ಚಿಡಿ. ಬೆಳಗ್ಗೆ ಬಲೂನೊಂದನ್ನು ಊದಿ, ಉಣ್ಣೆಯ ಬಟ್ಟೆಯಿಂದ ಚೆನ್ನಾಗಿ ಉಜ್ಜಿ, ಆ ಕೋಣೆಯ ನಡುವೆ ನೂಲಿನಿಂದ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಕಾಲ ತೂಗಹಾಕಿ. ಬಲೂನಿನ ಋಣವಿದ್ಯುತ್ತು ಆ ಕಣಗಳನ್ನು ಸೆಳೆಯುತ್ತದೆ. ಬಳಿಕ ಗಾಳಿ ತೆಗೆದು ಕುಗ್ಗಿದ ರಬ್ಬರನ್ನು ಕೌಂಟರಿನ ಮುಂದಿಟ್ಟರೆ ಟಿಕ್ ಟಿಕ್ ಸದ್ದು ಒಮ್ಮೆಗೇ ದಟ್ಟವಾಗುತ್ತದೆ. ಐದೈದು ನಿಮಿಷಕ್ಕೊಮ್ಮೆ ಎಣಿಕೆ ಬರೆದುಕೊಂಡರೆ ಅದು ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಅರ್ಧಕ್ಕಿಳಿಯುವುದನ್ನು ಕಾಣಬಹುದು. ಸುಮಾರು 27 ನಿಮಿಷದ ಸೀಸ-214 ಮತ್ತು 20 ನಿಮಿಷದ ಬಿಸ್ಮತ್-214 ಒಂದರ ಹಿಂದೊಂದು ನಡೆಯುವುದರಿಂದ ಈ ಕಾಲ ಎರಡಕ್ಕಿಂತಲೂ ಹೆಚ್ಚು ಎನಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇದನ್ನು ಕೈಗೊಳ್ಳಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ಬಲೂನಿನ ವಿದ್ಯುತ್ತು ನಿಮಿಷಗಳಲ್ಲಿ ಸೋರಿಹೋಗುತ್ತದೆ, ಮಕ್ಕಳಿಗೆ ನಿರಾಸೆಯಾಗುತ್ತದೆ. ಜನವರಿಯ ಒಣಹವೆಯ ಬೆಳಗ್ಗೆ ಪ್ರಶಸ್ತ. ಮತ್ತು ಬಲೂನನ್ನು ತರುವ ಮೊದಲು ಖಾಲಿ ಮೇಜಿನ ಮೇಲೆ ಕೌಂಟರನ್ನು ಕನಿಷ್ಠ ಹತ್ತು ನಿಮಿಷ ನಡೆಯಿಸಿ ಹಿನ್ನೆಲೆಯ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಅದನ್ನು ಪ್ರತಿ ಅಂಕಿಯಿಂದಲೂ ಕಳೆಯದೆ ಗ್ರಾಫ್ ಎಳೆದರೆ ರೇಖೆ ಕೊನೆಯಲ್ಲಿ ಇಳಿಯದೆ ಮಟ್ಟಸವಾಗಿ ನಿಂತುಬಿಡುತ್ತದೆ.